ಪುಸ್ತಕದ ಒಡೆತನವೂ ಗ್ರಂಥದ ಸ್ವಾಮ್ಯವೂ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ—ಬೆಂಗಳೂರಿನ ಈ ಹಳೆಯ ಬಡಾವಣೆಗಳಲ್ಲಿ ಪುಸ್ತಕದ ಬೀರು ಇಲ್ಲದ ವಿದ್ಯಾವಂತರ ಮನೆ ಒಂದು ಕಾಲಕ್ಕೆ ವಿರಳವಾಗಿತ್ತು. ಆ ಬೀರುಗಳಲ್ಲಿ ಹಲವು ಇಂದಿಗೂ ಉಳಿದಿವೆ. ಅವುಗಳನ್ನು ತುಂಬಿದ ಹಿರಿಯರು ಉಳಿದಿಲ್ಲ. ಮನೆ ಪಾಲಾಗುವಾಗ, ಅಥವಾ ಹೆಂಚಿನ ಮನೆಯನ್ನು ಕೆಡವಿ ಮಹಡಿಗಳನ್ನು ಎಬ್ಬಿಸುವಾಗ, ಪಾತ್ರೆ ಪಡಗಗಳಿಗೆ ದೊರೆಯುವ ಸ್ಥಳ ಪುಸ್ತಕಗಳಿಗೆ ದೊರೆಯುವುದಿಲ್ಲ. ಅವು ರದ್ದಿಯವನ ತಕ್ಕಡಿಗೆ ಏರುತ್ತವೆ. ಇದನ್ನು ಕಂಡು ಮರುಗಿದ ಕಿರಿಯರು ಕೆಲವರು ಮೊಬೈಲಿನಿಂದಲೋ ಸ್ಕ್ಯಾನ್ ಯಂತ್ರದಿಂದಲೋ ಪುಟಪುಟವನ್ನೂ ಚಿತ್ರ ತೆಗೆದು ಕಾಪಾಡಲು ತೊಡಗಿರುವುದು ಸಂತೋಷದ ವಿಷಯವೇ ಸರಿ. ಆದರೆ ಈ ಕಾರ್ಯದ ಧರ್ಮಾಧರ್ಮಗಳ ವಿಚಾರದಲ್ಲಿ ಪರಸ್ಪರ ವಿರುದ್ಧವಾದ ಎರಡು ಮಾತುಗಳು ಕೇಳಿಬರುತ್ತಿವೆ. ‘ಪುಸ್ತಕ ನಮ್ಮದು, ದುಡ್ಡು ಕೊಟ್ಟು ಕೊಂಡದ್ದು, ಅದರ ಪ್ರತಿ ತೆಗೆದು ಯಾರಿಗಾದರೂ ಕೊಡಬಹುದು’ ಎಂಬುದು ಒಂದು. ‘ಗ್ರಂಥಸ್ವಾಮ್ಯವಿರುವ ಪುಸ್ತಕದ ಪ್ರತಿ ತೆಗೆಯುವುದೇ ಕಳವು’ ಎಂಬುದು ಇನ್ನೊಂದು. ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇವೆರಡಕ್ಕೂ ಅತಿವ್ಯಾಪ್ತಿದೋಷ ಉಂಟು. ಮೊದಲನೆಯದು ಒಡೆತನವನ್ನು ಅದರ ಎಲ್ಲೆ ಮೀರಿ ಹಿಗ್ಗಿಸುತ್ತದೆ. ಎರಡನೆಯದು ಕಳವನ್ನು ಅದರ ಎಲ್ಲೆ ಮೀರಿ ಹಿಗ್ಗಿಸುತ್ತದೆ. ಈ ಗೊಂದಲ ಬರಿಯ ವಾಗ್ವಾದವಾಗಿದ್ದರೆ ಚಿಂತೆಯಿರಲಿಲ್ಲ. ಇದರ ಫಲವಾಗಿ ಒಂದು ಕಡೆ ಬದುಕಿರುವ ಲೇಖಕರ ಅನ್ನಕ್ಕೆ ಕೈ ಬೀಳುತ್ತಿದೆ; ಇನ್ನೊಂದು ಕಡೆ, ಉಳಿಸಿಕೊಳ್ಳಬಹುದಾಗಿದ್ದ ಪುಸ್ತಕಗಳು ಭಯದಿಂದಲೇ ನಾಶವಾಗುತ್ತಿವೆ.

ಪ್ರತಿ ಮಾಡುವುದು ಕನ್ನಡ ನಾಡಿನಲ್ಲಿ ಪಾಪವೆನಿಸಿರಲಿಲ್ಲ, ಪುಣ್ಯವೆನಿಸಿತ್ತು. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ಹಂಚಿದ ಸಂಗತಿ ಸರ್ವವಿದಿತವಾದದ್ದು. ಆ ಕಾರ್ಯ ಪೊನ್ನನಿಗೆ ಹಾನಿ ಮಾಡಿತೆಂದು ಯಾರೂ ಹೇಳಲಾರರು. ಆ ಕಾವ್ಯದ ಆಯುಸ್ಸಿಗೆ ಅದೇ ಬಲವಾಯಿತು. ಆದರೆ ಈ ದೃಷ್ಟಾಂತವನ್ನು ಮುಂದಿಟ್ಟು ಇಂದಿನ ಪ್ರತಿಕಾರರನ್ನು ಸಮರ್ಥಿಸುವವರು ಒಂದು ಭೇದವನ್ನು ಮರೆಯುತ್ತಾರೆ. ಅಂದಿನ ಕವಿಗೆ ವೃತ್ತಿಯನ್ನು ಕೊಟ್ಟವನು ಅರಸ, ಓದುಗನಲ್ಲ. ಅಚ್ಚುಕೂಟ ಬಂದ ಮೇಲೆ ಅರಸನ ಸ್ಥಾನಕ್ಕೆ ಪುಸ್ತಕವನ್ನು ಕೊಳ್ಳುವವನು ಬಂದನು. ಎಷ್ಟೋ ಮಂದಿ ಕನ್ನಡದ ಲೇಖಕರು ಸಾಲ ಮಾಡಿ ತಮ್ಮ ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿದರು, ಮನೆಮನೆಗೆ ಹೊತ್ತು ಮಾರಿದರು. ಹೀಗಿರುವಲ್ಲಿ, ಕೊಳ್ಳುವವನ ಹಣ ಕರ್ತೃವಿಗೆ ಸಲ್ಲುವ ದಾರಿಯನ್ನು ಕಾಯುವ ನಿಯಮವೊಂದು ಬೇಕಾಯಿತು. ಗ್ರಂಥಸ್ವಾಮ್ಯಕ್ಕೆ ಇರುವ ನ್ಯಾಯ ಇದು. ಇದನ್ನು ಹಗುರವಾಗಿ ಕಾಣತಕ್ಕದ್ದಲ್ಲ.

ಭಾರತದಲ್ಲಿ ಈಗ ನಡೆಯುತ್ತಿರುವುದು ೧೯೫೭ರ ಕಾಯಿದೆ. ಜಾರಿಗೆ ಬಂದದ್ದು ೧೯೫೮ರ ಜನವರಿ ೨೧ರಂದು. ಅದರ ಪ್ರಕಾರ ಒಂದು ಪುಸ್ತಕದಲ್ಲಿ ಎರಡು ಒಡೆತನಗಳು ಸೇರಿವೆ. ಕಾಗದ, ಹೊಲಿಗೆ, ರಟ್ಟು ಇವುಗಳಿಂದಾದ ವಸ್ತು ಕೊಂಡವನದು. ಅದನ್ನು ಅವನು ಓದಬಹುದು, ಎರವಲು ಕೊಡಬಹುದು, ದಾನ ಮಾಡಬಹುದು, ಮಾರಲೂ ಬಹುದು. ಒಮ್ಮೆ ಮಾರಾಟವಾದ ಪ್ರತಿಯ ಮರುಮಾರಾಟಕ್ಕೆ ಗ್ರಂಥಕರ್ತನ ಅಪ್ಪಣೆ ಬೇಡ. ಆದರೆ ಆ ವಸ್ತುವಿನಲ್ಲಿ ನೆಲೆಸಿರುವ ವಾಕ್ಯಸಮುದಾಯ, ಎಂದರೆ ಗ್ರಂಥ, ಕರ್ತೃವಿನದು ಅಥವಾ ಅವನ ವಾರಸುದಾರರದು. ಅದನ್ನು ಇನ್ನೊಂದು ಪ್ರತಿಯಾಗಿ ಮಾಡುವುದು, ಜನಕ್ಕೆ ಹಂಚುವುದು, ವಿದ್ಯುನ್ಮಾಧ್ಯಮದಲ್ಲಿ ಸಂಗ್ರಹಿಸಿಡುವುದು—ಇವು ಸ್ವಾಮ್ಯವುಳ್ಳವನ ಹಕ್ಕುಗಳೆಂದು ೧೪ನೆಯ ಕಲಮು ಹೇಳುತ್ತದೆ. ಹಸುವನ್ನು ಕೊಂಡವನಿಗೆ ಕರುವೂ ಸೇರುತ್ತದೆಂಬ ಲೋಕನ್ಯಾಯ ಪುಸ್ತಕಕ್ಕೆ ಅನ್ವಯಿಸುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಎರಡನೆಯ ಪಕ್ಷದವರು ಗೆದ್ದಂತೆ ತೋರಬಹುದು. ಆದರೆ ಅದೇ ಕಾಯಿದೆಯ ೫೨ನೆಯ ಕಲಮು ಅಪವಾದಗಳ ಒಂದು ದೀರ್ಘ ಪಟ್ಟಿಯನ್ನು ಕೊಟ್ಟಿದೆ. ಅವುಗಳಲ್ಲಿ ಮೊದಲನೆಯದೇ ನ್ಯಾಯೋಚಿತವಾದ ಬಳಕೆ: ಸ್ವಂತದ ಉಪಯೋಗ, ಸಂಶೋಧನೆ, ವಿಮರ್ಶೆ ಮೊದಲಾದವು. ೨೦೧೨ರ ತಿದ್ದುಪಡಿ ಇದಕ್ಕೆ ಒಂದು ವಿವರಣೆಯನ್ನು ಸೇರಿಸಿ, ಈ ಉದ್ದೇಶಗಳಿಗಾಗಿ ವಿದ್ಯುನ್ಮಾಧ್ಯಮದಲ್ಲಿ ಸಂಗ್ರಹಿಸುವುದು ಅತಿಕ್ರಮವಲ್ಲವೆಂದು ಸ್ಪಷ್ಟಪಡಿಸಿತು. ‘ನ್ಯಾಯೋಚಿತ’ವೆಂದರೆ ಎಷ್ಟು ಪುಟ ಎಂಬ ಲೆಕ್ಕವನ್ನು ಕಾಯಿದೆ ಹೇಳುವುದಿಲ್ಲ, ಉದ್ದೇಶವೇನು, ಸ್ವಾಮ್ಯವುಳ್ಳವನಿಗೆ ಆಗುವ ನಷ್ಟವೇನು ಎಂಬುದನ್ನು ನೋಡಿ ತೀರ್ಮಾನಿಸಬೇಕಾಗುತ್ತದೆ. ಬೆಲೆ ಕೊಟ್ಟು ಕೊಂಡ ಪುಸ್ತಕ ಪುಡಿಯಾಗುತ್ತಿರುವಾಗ ಅದನ್ನು ಓದಿಕೊಳ್ಳುವುದಕ್ಕಾಗಿ ಮನೆಯವನು ಒಂದು ಸ್ಕ್ಯಾನ್ ಪ್ರತಿ ಮಾಡಿಟ್ಟುಕೊಂಡರೆ ಕರ್ತೃವಿಗೆ ಒಂದು ಕಾಸಿನ ನಷ್ಟವೂ ಇಲ್ಲ. ಇದನ್ನು ಕಳವೆನ್ನುವುದು ಶಬ್ದದ ದುರ್ವ್ಯಯ. ಇನ್ನು, ಅಂಗವೈಕಲ್ಯದಿಂದ ಅಚ್ಚಿನ ಪುಸ್ತಕವನ್ನು ಓದಲಾರದವರಿಗಾಗಿ ಅವರು ಓದಬಲ್ಲ ಅಥವಾ ಕೇಳಬಲ್ಲ ರೂಪಕ್ಕೆ, ಲಾಭದ ಉದ್ದೇಶವಿಲ್ಲದೆ, ಗ್ರಂಥವನ್ನು ತರುವುದಕ್ಕೂ ೨೦೧೨ರ ತಿದ್ದುಪಡಿ ಅವಕಾಶ ಮಾಡಿದೆ.

ಆದರೆ ಅದೇ ಮನೆಯವನು ಸ್ಕ್ಯಾನ್ ಪ್ರತಿಯನ್ನು ಇಟ್ಟುಕೊಂಡು ಮೂಲ ಪುಸ್ತಕವನ್ನು ಮಾರಿದರೆ, ಒಂದಿದ್ದದ್ದು ಎರಡಾಯಿತು; ಒಂದರ ಬೆಲೆ ಮಾತ್ರ ಕರ್ತೃವಿಗೆ ಸಂದಿತ್ತು. ನೂರು ಜನರಿರುವ ವಾಟ್ಸಾಪ್ ಬಳಗಕ್ಕೆ ಕಳುಹಿಸಿದರೆ ಒಂದಿದ್ದದ್ದು ನೂರಾಯಿತು. ಆ ನೂರು ಜನ ನೆಂಟರಿಷ್ಟರೇ ಆಗಿದ್ದರೂ ‘ಸ್ವಂತದ ಉಪಯೋಗ’ವೆಂಬ ಮಾತು ಅಲ್ಲಿಗೆ ಸಲ್ಲುವುದಿಲ್ಲ. ಹಣ ಪಡೆಯಲಿಲ್ಲವೆಂಬ ಸಮಾಧಾನವೂ ಪೂರ್ತಿ ರಕ್ಷೆಯಲ್ಲ. ಲಾಭದ ಉದ್ದೇಶವಿರಲಿಲ್ಲವೆಂದು ನ್ಯಾಯಾಲಯ ಶಿಕ್ಷೆಯನ್ನು ಕಡಿಮೆ ಮಾಡಬಹುದು, ಅಷ್ಟೆ. ಆದುದರಿಂದ ಈ ವಿಚಾರದ ಕೀಲು ‘ಪ್ರತಿ’ ಎಂಬ ಶಬ್ದದಲ್ಲಿಲ್ಲ. ರಕ್ಷಣೆ, ಪ್ರಸಾರ ಎಂಬ ಎರಡು ಕ್ರಿಯೆಗಳ ಭೇದದಲ್ಲಿದೆ. ರಕ್ಷಿಸುವುದಕ್ಕೆ ಪುಸ್ತಕದ ಒಡೆತನ ಸಾಕು. ಪ್ರಸಾರ ಮಾಡುವುದಕ್ಕೆ ಅವಧಿ ತೀರಿರಬೇಕು, ಇಲ್ಲವೆ ಅನುಮತಿ ಇರಬೇಕು.

ಹೊರಗಿನ ತೀರ್ಪುಗಳನ್ನು ಆಧಾರವಾಗಿ ಹೇಳುವವರೂ ಈ ಭೇದವನ್ನು ಗಮನಿಸತಕ್ಕದ್ದು. ಅಮೆರಿಕದಲ್ಲಿ ಗೂಗಲ್ ಸಂಸ್ಥೆ ಲಕ್ಷಾಂತರ ಪುಸ್ತಕಗಳನ್ನು ಪೂರ್ಣವಾಗಿ ಸ್ಕ್ಯಾನ್ ಮಾಡಿ, ಹುಡುಕುವವರಿಗೆ ಕೆಲವೇ ಪಂಕ್ತಿಗಳನ್ನು ಕಾಣಿಸುತ್ತಿದ್ದುದನ್ನು ೨೦೧೫ರಲ್ಲಿ ಮೇಲ್ಮನವಿಯ ನ್ಯಾಯಾಲಯ ನ್ಯಾಯೋಚಿತವೆಂದಿತು. ಅದೇ ನ್ಯಾಯಾಲಯ ೨೦೨೪ರಲ್ಲಿ, ತನ್ನ ವಶದಲ್ಲಿರುವ ಪುಸ್ತಕದ ಸ್ಕ್ಯಾನ್ ಪ್ರತಿಯನ್ನು ಅಂತರ್ಜಾಲದಲ್ಲಿ ಎರವಲು ಕೊಡುತ್ತಿದ್ದ ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವಾದವನ್ನು ಒಪ್ಪಲಿಲ್ಲ. ದೆಹಲಿಯ ಉಚ್ಚ ನ್ಯಾಯಾಲಯ ೨೦೧೬ರಲ್ಲಿ, ವಿಶ್ವವಿದ್ಯಾಲಯದ ಆವರಣದ ನಕಲು ಅಂಗಡಿಯ ಮೊಕದ್ದಮೆಯಲ್ಲಿ, ಗ್ರಂಥಸ್ವಾಮ್ಯವು ದೇವದತ್ತವಾದ ನಿರಂಕುಶ ಹಕ್ಕಲ್ಲವೆಂಬ ಅಭಿಪ್ರಾಯವನ್ನು ಹೇಳಿದ್ದು ಸತ್ಯ. ಆದರೆ ಆ ತೀರ್ಪು ಪಾಠಪ್ರವಚನಕ್ಕೆ ಬೇಕಾದ ಭಾಗಗಳ ನಕಲಿಗೆ ಸಂಬಂಧಿಸಿದ್ದು. ಅದನ್ನು ಹಿಡಿದು ಇಡೀ ಕಾದಂಬರಿಯನ್ನು ಲೋಕಕ್ಕೆ ಬಿಡಲು ಹೊರಡುವುದು ಒಂದು ಸೂತ್ರದ ಭಾಷ್ಯವನ್ನು ಇನ್ನೊಂದು ಸೂತ್ರಕ್ಕೆ ಅಂಟಿಸಿದಂತೆ.

ಇನ್ನು ಅವಧಿಯ ವಿಚಾರ. ಇಲ್ಲಿ ಓದುಗರಲ್ಲಿ ವ್ಯಾಪಕವಾದ ಒಂದು ಭ್ರಾಂತಿಯಿದೆ. ಮುಖಪುಟ ಹರಿದು ಕಾಗದ ಹಳದಿಯಾಗಿದ್ದರೆ ಪುಸ್ತಕ ಸಾರ್ವಜನಿಕರ ಸ್ವತ್ತಾಯಿತೆಂದು ಭಾವಿಸುವುದುಂಟು. ಕಾಯಿದೆ ಸಾಮಾನ್ಯವಾಗಿ ನೋಡುವುದು ಅಚ್ಚಾದ ವರ್ಷವನ್ನಲ್ಲ, ಕರ್ತೃ ತೀರಿಕೊಂಡ ವರ್ಷವನ್ನು. ಅದರ ಮರುವರ್ಷದ ಆದಿಯಿಂದ ೬೦ ವರ್ಷ ಸ್ವಾಮ್ಯ ಉಳಿಯುತ್ತದೆ. ಮೊದಲು ಇದು ೫೦ ವರ್ಷವಾಗಿತ್ತು. ೧೯೪೧ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ೧೯೯೧ರ ಕೊನೆಗೆ ಮುಗಿಯಲಿದ್ದ ಸಂದರ್ಭದಲ್ಲಿ ಹತ್ತು ವರ್ಷ ಹೆಚ್ಚಿಸಲಾಯಿತು. ೧೯೯೨ರ ತಿದ್ದುಪಡಿ ಅದನ್ನು ಸ್ಥಿರಪಡಿಸಿತು. ವಂಗದೇಶದ ಒಬ್ಬ ಮಹಾಕವಿಯ ನಿಮಿತ್ತವಾಗಿ ಬಂದ ಈ ವೃದ್ಧಿ ಕನ್ನಡಕ್ಕೂ ತಗುಲಿತು. ೧೯೪೬ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಕಂಠಯ್ಯನವರ ಮತ್ತು ಟಿ. ಪಿ. ಕೈಲಾಸಂ ಅವರ ಕೃತಿಗಳು ೧೯೯೭ರಲ್ಲಿ ಬಿಡುಗಡೆಯಾಗುವುದಕ್ಕೆ ಬದಲಾಗಿ ೨೦೦೭ರ ಜನವರಿ ೧ರಂದು ಬಿಡುಗಡೆಯಾದುವು. ೧೯೬೩ರಲ್ಲಿ ಗತಿಸಿದ ಮಂಜೇಶ್ವರದ ಗೋವಿಂದ ಪೈಗಳ ಮತ್ತು ತ್ರಿವೇಣಿಯವರ ಬದುಕಿದ್ದಾಗ ಪ್ರಕಟವಾದ ಕೃತಿಗಳು ೨೦೨೪ರ ಆದಿಯಲ್ಲಿಯೂ, ೧೯೬೪ರಲ್ಲಿ ಗತಿಸಿದ ಆಲೂರ ವೆಂಕಟರಾಯರವು ೨೦೨೫ರ ಆದಿಯಲ್ಲಿಯೂ ಸರ್ವರ ಸ್ವತ್ತಾದುವು. ಕರ್ತೃ ಗತಿಸಿದ ಮೇಲೆ ಮೊದಲು ಅಚ್ಚಾದ ಕೃತಿಗಳಿಗೆ ಮಾತ್ರ ಲೆಕ್ಕ ಅಚ್ಚಾದ ವರ್ಷದಿಂದ.

ಡಿ. ವಿ. ಗುಂಡಪ್ಪನವರ ಮಂಕುತಿಮ್ಮನ ಕಗ್ಗ ೧೯೪೩ರಲ್ಲಿ ಪ್ರಕಟವಾದದ್ದು. ಆದರೆ ಗುಂಡಪ್ಪನವರು ಗತಿಸಿದ್ದು ೧೯೭೫ರಲ್ಲಿ. ಆದಕಾರಣ ಸ್ವಾಮ್ಯ ೨೦೩೫ರ ಕೊನೆಯವರೆಗೂ ಇದೆ. ಪಂಪನ ಪದ್ಯಗಳಿಗೆ ಯಾರ ಅಪ್ಪಣೆಯೂ ಬೇಡ, ಅವುಗಳಿಗೆ ಡಿ. ಎಲ್. ನರಸಿಂಹಾಚಾರ್ಯರು ಬರೆದ ದೀಪಿಕೆಗೆ ೨೦೩೧ರ ಕೊನೆಯವರೆಗೂ ಬೇಕು. ಮೂಲವನ್ನೂ ವ್ಯಾಖ್ಯಾನವನ್ನೂ ಬೇರ್ಪಡಿಸಿ ನೋಡುವ ಈ ವಿವೇಕ ಪಾಠಶಾಲೆಯ ವಿದ್ಯಾರ್ಥಿಗೆ ಹೊಸದಲ್ಲ. ಪತ್ರಿಕೆಗಳಲ್ಲಂತೂ ತೊಡಕು ಇನ್ನೂ ಹೆಚ್ಚು. ೧೯೧೯ರಲ್ಲಿ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಹೊರಟ ‘ಪ್ರಬುದ್ಧ ಕರ್ಣಾಟಕ’ದಂಥ ಪತ್ರಿಕೆಯ ಹಳೆಯ ಸಂಪುಟಗಳನ್ನು ಬೀರಿನಲ್ಲಿ ಇಟ್ಟುಕೊಂಡವರು, ಅವುಗಳಲ್ಲಿ ಬರೆದವರ ಸ್ವಾಮ್ಯ ಒಂದೇ ದಿನ ಮುಗಿಯುವುದಿಲ್ಲವೆಂಬುದನ್ನು ತಿಳಿದಿರಬೇಕು. ಟಿ. ಎಸ್. ವೆಂಕಣ್ಣಯ್ಯನವರ ಬರೆಹ ಎಂದೋ ಬಿಡುಗಡೆಯಾಗಿದೆ, ಎ. ಆರ್. ಕೃಷ್ಣಶಾಸ್ತ್ರಿಗಳದು ಬಿಡುಗಡೆಯಾಗುವುದು ೨೦೨೯ರ ಆದಿಗೆ; ಮಾಸ್ತಿಯವರದು ೨೦೪೭ರ ಆದಿಗೆ; ಕುವೆಂಪು ಅವರದು ೨೦೫೫ರ ಆದಿಗೆ. ಇಂಥವರ ಲೇಖನಗಳು ಕೂಡಿದ ಒಂದು ಸಂಚಿಕೆ ಒಂದೇ ಹೊಲಿಗೆಯಲ್ಲಿದ್ದರೂ ಕಾಯಿದೆಯ ಕಣ್ಣಿಗೆ ಹಲವು ಕಾಲಗಳ ಕಟ್ಟು.

ಇಲ್ಲಿಯೇ ಕಾಯಿದೆಯ ನಿಜವಾದ ಲೋಪ ಕಾಣುತ್ತದೆ. ಪ್ರಸಿದ್ಧರ ಕೃತಿಗಳು ಮರುಮುದ್ರಣಗೊಳ್ಳುತ್ತಲೇ ಇರುತ್ತವೆ. ಅವುಗಳಿಗೆ ೬೦ ವರ್ಷ ಹೊರೆಯಲ್ಲ. ಆಪತ್ತು ಇರುವುದು ಒಂದೇ ಮುದ್ರಣ ಕಂಡು ಮರೆಯಾದ ಪುಸ್ತಕಕ್ಕೆ. ೧೯೩೫ರಲ್ಲಿ ಅಚ್ಚಾದ ಒಂದು ಕಥಾಸಂಗ್ರಹವನ್ನು ಭಾವಿಸಿ. ಅದರ ಕರ್ತೃ ೧೯೮೦ರವರೆಗೆ ಬಾಳಿದನೆಂದರೆ ಅದು ಸರ್ವರದಾಗುವುದು ೨೦೪೧ರಲ್ಲಿ. ಅಷ್ಟರಲ್ಲಿ ಪುಸ್ತಕಕ್ಕೆ ೧೦೬ ವರ್ಷ. ಮರದ ತಿರುಳಿನಿಂದ ಮಾಡಿ ಪಟಿಕ ಸೇರಿಸಿದ ಆ ಕಾಲದ ಗಿರಣಿ ಕಾಗದ ತನ್ನೊಳಗಿನ ಆಮ್ಲದಿಂದಲೇ ಸುಟ್ಟಂತಾಗಿ, ಮಡಿಸಿದಲ್ಲಿ ಮುರಿಯುತ್ತದೆ. ಗೆದ್ದಲೂ ಹುಳುವೂ ರದ್ದಿಯವನೂ ಉಳಿದ ಕೆಲಸವನ್ನು ಮುಗಿಸುತ್ತಾರೆ. ಕಾಯಿದೆ ಕಾಪಾಡುತ್ತಿರುವ ಸ್ವಾಮ್ಯ ಉಳಿದು, ಸ್ವಾಮ್ಯಕ್ಕೆ ಆಶ್ರಯವಾದ ಗ್ರಂಥವೇ ಅಳಿದರೆ, ಧರ್ಮಿಯಿಲ್ಲದ ಧರ್ಮದಂತೆ ಅದು ನಿರರ್ಥಕವಾಗುತ್ತದೆ.

ಈ ಆಪತ್ತಿಗೆ ಕಾಯಿದೆ ಪರಿಹಾರವನ್ನೇ ಯೋಚಿಸಿಲ್ಲವೆಂದು ಹೇಳುವುದು ನ್ಯಾಯವಲ್ಲ. ವಾಣಿಜ್ಯೋದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿ ಅಚ್ಚಿನ ಪ್ರತಿ ಇದ್ದರೆ ರಕ್ಷಣೆಗಾಗಿ ಅದನ್ನು ವಿದ್ಯುನ್ಮಾಧ್ಯಮದಲ್ಲಿ ಸಂಗ್ರಹಿಸಬಹುದೆಂದು ೨೦೧೨ರ ತಿದ್ದುಪಡಿ ಹೇಳಿದೆ. ದೇಶದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರಕ್ಕೆ ಮೀರದ ಪ್ರತಿಗಳನ್ನು ಗ್ರಂಥಾಲಯದ ಉಪಯೋಗಕ್ಕಾಗಿ ಮಾಡಿಕೊಳ್ಳಲೂ ಅವಕಾಶವಿದೆ. ಸ್ವಾಮ್ಯವುಳ್ಳವನು ಯಾರೆಂದು ಪತ್ತೆಯಾಗದಿದ್ದಾಗ ಪರವಾನಗಿ ಪಡೆಯುವ ಮಾರ್ಗವನ್ನು ೩೧–ಎ ಕಲಮು ತೋರಿಸುತ್ತದೆ. ಆದರೆ ಆ ಮಾರ್ಗವನ್ನು ನೋಡಬೇಕು! ಅರ್ಜಿದಾರನು ಮೊದಲು ದೇಶದ ಬಹುಭಾಗದಲ್ಲಿ ಪ್ರಚಾರವಿರುವ ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ತನ್ನ ಉದ್ದೇಶವನ್ನು ಪ್ರಕಟಿಸಬೇಕು. ಚಾಮರಾಜಪೇಟೆಯ ಒಬ್ಬ ಕನ್ನಡ ಕಥೆಗಾರನ ಮೊಮ್ಮಕ್ಕಳನ್ನು ಹುಡುಕುವುದಕ್ಕೆ ಇಂಗ್ಲಿಷ್ ಪತ್ರಿಕೆಯ ಜಾಹೀರಾತು! ಆಮೇಲಿನ ಅರ್ಜಿಯನ್ನು ವಿಚಾರಿಸುತ್ತಿದ್ದ ಮಂಡಳಿಯನ್ನು ೨೦೨೧ರಲ್ಲಿ ರದ್ದುಗೊಳಿಸಿದ್ದರಿಂದ ಆ ಕೆಲಸ ವಾಣಿಜ್ಯ ನ್ಯಾಯಾಲಯಕ್ಕೆ ಸೇರಿತು. ನೂರು ಪುಟದ ಒಂದು ಪುಸ್ತಕಕ್ಕಾಗಿ ಇಷ್ಟು ಶ್ರಮವನ್ನೂ ವೆಚ್ಚವನ್ನೂ ಯಾವ ಗೃಹಸ್ಥನು ವಹಿಸಿಯಾನು? ಲಾಭ ತರುವ ಕೃತಿಗೆ ತಕ್ಕ ಬಾಗಿಲನ್ನು ಲಾಭವಿಲ್ಲದ ಕೃತಿಗೂ ಇಟ್ಟಿರುವುದೇ ಇಲ್ಲಿನ ದೋಷ. ಕರ್ತೃವಿನ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಒಂದು ವರ್ಷ ಕಾದು, ಆಕ್ಷೇಪಣೆ ಬಾರದಿದ್ದರೆ ಗ್ರಂಥಾಲಯವೇ ಅದನ್ನು ಓದುಗರಿಗೆ ತೆರೆದಿಡುವ ಸುಲಭವಾದ ಕ್ರಮ ಬಂದರೆ, ಕರ್ತೃವಿಗೂ ಮೋಸವಾಗದು, ಪುಸ್ತಕವೂ ಉಳಿದೀತು.

ಕಾಯಿದೆಯ ಲೋಪವನ್ನು ಉತ್ಸಾಹದಿಂದ ತುಂಬಲು ಹೊರಟರೆ ಏನಾಗುತ್ತದೆಂಬುದಕ್ಕೆ ಬೆಂಗಳೂರಿನಲ್ಲಿಯೇ ನಿದರ್ಶನವಿದೆ. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಈ ಶತಮಾನದ ಮೊದಲ ದಶಕದಲ್ಲಿ ಮುಂದಾಳುತನ ವಹಿಸಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಮಹೋದ್ಯಮ ಲಕ್ಷಾಂತರ ಗ್ರಂಥಗಳನ್ನು ಸ್ಕ್ಯಾನ್ ಮಾಡಿತು. ಎಷ್ಟೋ ಕನ್ನಡ ಗ್ರಂಥಗಳ ದರ್ಶನ ಓದುಗರಿಗೆ ಮೊದಲು ಆದದ್ದು ಅಲ್ಲಿಯೇ. ಆ ಉಪಕಾರ ದೊಡ್ಡದು. ಆದರೆ ಪುಟಗಳು ಬಿಟ್ಟುಹೋದುವು, ಹೆಸರುಗಳು ಗುರುತು ಸಿಗದಂತೆ ತಪ್ಪಾಗಿ ದಾಖಲಾದುವು, ಅವಧಿ ಮುಗಿದ ಗ್ರಂಥಗಳೂ ಮುಗಿಯದವೂ ಒಂದರೊಳಗೊಂದು ಬೆರೆತುವು. ಕೊನೆಗೆ ಸ್ವಾಮ್ಯದ ತಕರಾರಿನಿಂದ ಆ ಭಂಡಾರದ ಬಾಗಿಲು ಮುಚ್ಚಿತು. ಮುಚ್ಚಿದಾಗ, ತಕರಾರೇ ಇಲ್ಲದ ಹಳೆಯ ಗ್ರಂಥಗಳೂ ಅದರೊಂದಿಗೆ ಕಣ್ಮರೆಯಾದುವು. ಬೇರೆಯವರು ಪ್ರತಿ ಮಾಡಿಟ್ಟುಕೊಂಡಿದ್ದರಿಂದ ಮಾತ್ರ ಬಹುಪಾಲು ಮತ್ತೆ ದೊರೆಯುವಂತಾಯಿತು. ಅವಿವೇಕದ ಪ್ರಸಾರವು ರಕ್ಷಣೆಗೇ ಮುಳುವಾಗುತ್ತದೆಂಬ ಪಾಠ ಇದರಲ್ಲಿದೆ.

ಇದಕ್ಕೆ ಎದುರಾಗಿ ಇನ್ನೊಂದು ನಿದರ್ಶನವನ್ನಿಡಬಹುದು. ಈ ಶತಮಾನದ ಎರಡನೆಯ ದಶಕದಲ್ಲಿ ಕಾದಂಬರಿಕಾರ ನಿರಂಜನರ ಕುಟುಂಬದವರು ಅವರ ಕೃತಿಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಲ್ಲಿ ಲೋಕಕ್ಕೆ ಬಿಟ್ಟುಕೊಟ್ಟರು. ಸ್ವಾಮ್ಯದ ಅವಧಿ ಇನ್ನೂ ಬಹಳವಿದ್ದಾಗಲೇ ಕೊಟ್ಟದ್ದು ಇದು. ಕರ್ತೃವಿನ ಹೆಸರನ್ನು ಹೇಳಬೇಕೆಂಬ ನಿಬಂಧನೆಯೊಡನೆ ಯಾರು ಬೇಕಾದರೂ ಪ್ರತಿ ಮಾಡಬಹುದು, ಹಂಚಬಹುದು. ಒಂದು ಬರೆಹದ ಅನುಮತಿ ಹತ್ತಾರು ವರ್ಷಗಳ ಕಾಯುವಿಕೆಯನ್ನು ತಪ್ಪಿಸಿತು. ಅತ್ತಿಮಬ್ಬೆಯ ದಾನಕ್ಕೆ ಈ ಕಾಲದಲ್ಲಿ ಸಮಾನವಾದದ್ದು ಯಾವುದೆಂದು ಕೇಳಿದರೆ, ಪರರ ಗ್ರಂಥವನ್ನು ಹಂಚುವವನ ಉತ್ಸಾಹವನ್ನಲ್ಲ, ತಮ್ಮ ಹಕ್ಕನ್ನು ಬಿಟ್ಟುಕೊಟ್ಟ ವಾರಸುದಾರರ ಈ ಔದಾರ್ಯವನ್ನು ತೋರಿಸಬೇಕು. ಹಳೆಯ ಬೆಂಗಳೂರಿನಲ್ಲಿ ಲೇಖಕರ ಮಕ್ಕಳು ಮೊಮ್ಮಕ್ಕಳು ಇರುವ ಮನೆಗಳು ಬಹಳ. ಹಣ ತರದೆ, ಅಚ್ಚಾಗದೆ, ಸುಮ್ಮನೆ ಬಿದ್ದಿರುವ ಹಕ್ಕನ್ನು ಕೈಯಲ್ಲಿ ಹಿಡಿದಿದ್ದು ತಂದೆಯ ಪುಸ್ತಕ ಅಳಿಯುವುದನ್ನು ನೋಡುತ್ತ ಕೂರುವುದು ಪಿತೃಋಣವನ್ನು ತೀರಿಸುವ ಬಗೆಯಲ್ಲ.

ಹಾಗಾದರೆ ಬೀರುವಿನ ಒಡೆಯನಾದ ಗೃಹಸ್ಥನು ಮಾಡತಕ್ಕುದೇನು? ಮೊದಲು, ಅಳಿಯುತ್ತಿರುವುದನ್ನು ಭಯವಿಲ್ಲದೆ ಸ್ಕ್ಯಾನ್ ಮಾಡಿಟ್ಟುಕೊಳ್ಳುವುದು. ಹೊಲಿಗೆಯನ್ನು ಕತ್ತರಿಸದೆ, ಮುಖಪುಟ, ಅಚ್ಚುಕೂಟದ ಹೆಸರು, ಮುದ್ರಣದ ವರ್ಷ, ಮುನ್ನುಡಿ, ತಪ್ಪೋಲೆ ಒಂದನ್ನೂ ಬಿಡದೆ ಮಾಡುವುದು. ಅರ್ಧ ಪ್ರತಿ ಕರ್ತೃವಿಗೂ ಓದುಗನಿಗೂ ದ್ರೋಹ. ಎರಡನೆಯದಾಗಿ, ಪ್ರತಿಯೊಂದಿಗೆ ಕರ್ತೃವಿನ ಮರಣವರ್ಷವನ್ನು ವಿಚಾರಿಸಿ ಬರೆದಿಡುವುದು. ಬಿಡುಗಡೆಯ ದಿನ ಯಾವುದೆಂದು ಮುಂದಿನ ತಲೆಮಾರು ಆಗ ತಡಕಾಡಬೇಕಾಗಿಲ್ಲ. ಅವಧಿ ತೀರಿದ್ದರೆ ಹಂಚಲು ಅಡ್ಡಿಯಿಲ್ಲ. ತೀರಿರದಿದ್ದರೆ ವಾರಸುದಾರರನ್ನೋ ಸ್ವಾಮ್ಯ ಪಡೆದ ಪ್ರಕಾಶಕರನ್ನೋ ಕಂಡು ಲಿಖಿತವಾದ ಅನುಮತಿಯನ್ನು ಕೇಳುವುದು. ಸಿಗದಿದ್ದರೆ ಪ್ರತಿಯನ್ನು ಮನೆಯಲ್ಲಿಯೇ ಇಟ್ಟು ಕಾಯುವುದು. ಮೂರನೆಯದಾಗಿ, ಸ್ಕ್ಯಾನ್ ಆಯಿತೆಂದು ಮೂಲವನ್ನು ರದ್ದಿಗೆ ಹಾಕದಿರುವುದು. ಚಾಮರಾಜಪೇಟೆಯಲ್ಲಿ ೧೯೧೫ರಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತಿದೆ. ನರಸಿಂಹರಾಜ ಕಾಲೋನಿಯಲ್ಲಿ ಬಿ. ಎಂ. ಶ್ರೀ ಸ್ಮಾರಕ ಪ್ರತಿಷ್ಠಾನವಿದೆ. ಗುಂಡಪ್ಪನವರು ೧೯೪೫ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ. ಅಪರೂಪದ ಪುಸ್ತಕವನ್ನು ಮಾರುವುದಕ್ಕೆ ಮೊದಲು ಇಂಥಲ್ಲಿ ವಿಚಾರಿಸುವುದು ಉಚಿತ. ಬಿಡಿ ಮನೆಗೆ ಇಲ್ಲದ ಅವಕಾಶಗಳನ್ನು ಕಾಯಿದೆ ಗ್ರಂಥಾಲಯಕ್ಕೆ ಕೊಟ್ಟಿರುವುದರಿಂದ, ಅಲ್ಲಿಗೆ ಸೇರಿದ ಪುಸ್ತಕದ ರಕ್ಷಣೆಗೆ ಬಲ ಹೆಚ್ಚು.

ಗ್ರಂಥಸ್ವಾಮ್ಯದ ಅವಧಿ ಎಷ್ಟು ದೀರ್ಘವಾದರೂ ಅದಕ್ಕೆ ಒಂದು ಕೊನೆಯ ದಿನ ಉಂಟು. ಪುಸ್ತಕಕ್ಕೂ ಒಂದು ಕೊನೆಯ ದಿನ ಉಂಟು. ಇವೆರಡರಲ್ಲಿ ಯಾವುದು ಮೊದಲು ಬರುವುದೆಂಬುದು ಕಾಯಿದೆ ಬರೆದವರ ಕೈಯಲ್ಲಿಲ್ಲ. ಬೀರುವಿನ ಬೀಗದ ಕೈ ಯಾರ ಬಳಿ ಇದೆಯೋ ಅವರ ಕೈಯಲ್ಲಿದೆ.